ಪಾರಾಯಣ–ಪಲಾಯನ ಮೀಮಾಂಸೆ

ಜಿಹ್ವಾ ಪೀಠೇ ಮನಃ ಪೇಟೇ. ಇದು ಈ ಶಾಸ್ತ್ರದ ಮೊದಲ ಸೂತ್ರ. ನಾಲಿಗೆ ಮಣೆಯ ಮೇಲೆ, ಮನಸ್ಸು ಪೇಟೆಯಲ್ಲಿ ಎಂದು ಅರ್ಥ. 'ಪೇಟೇ' ಎಂಬ ಸಪ್ತಮಿ ಯಾವ ಕೋಶದಲ್ಲಿದೆಯಪ್ಪಾ ಎಂದು ವೈಯಾಕರಣರು ಕೆರಳಬಹುದು. ಅದನ್ನು ಆರ್ಷಪ್ರಯೋಗವೆಂದು ತಿಳಿಯತಕ್ಕದ್ದು. ಋಷಿ ತಪ್ಪಿದರೆ ಆರ್ಷ, ಹುಡುಗ ತಪ್ಪಿದರೆ ಸೊನ್ನೆ. ಸೂತ್ರಕಾರನಾದ ನಾನು ಸದ್ಯಕ್ಕೆ ಋಷಿಗಳ ಪಂಕ್ತಿಯಲ್ಲಿ ಕೂತಿದ್ದೇನೆ. ಈ ಗ್ರಂಥದ ಸೂತ್ರಕಾರ, ಭಾಷ್ಯಕಾರ, ಟೀಕಾಕಾರ, ಪೂರ್ವಪಕ್ಷಿ ನಾಲ್ವರೂ ನಾನೇ. ಆದರೂ ನಾಲ್ವರಲ್ಲಿ ಒಮ್ಮತವಿಲ್ಲ.

ಮಂಗಳಾಚರಣೆ ಎಲ್ಲಿ ಎಂದು ಕೇಳುವವರಿಗೆ: ಮಾಡಲಾಗಿದೆ. ಮಾಡುವಾಗ ಗ್ಯಾಸ್ ಸಿಲಿಂಡರ್ ಬುಕ್ ಮಾಡಿದ್ದೆನೋ ಇಲ್ಲವೋ ಎಂಬ ಸಂಶಯ ನಡುವೆ ನುಗ್ಗಿದ್ದರಿಂದ ಅದು ದೇವರ ಲೆಕ್ಕಕ್ಕೆ ಜಮೆಯಾಯಿತೋ ಗ್ಯಾಸ್ ಏಜೆನ್ಸಿಯ ಲೆಕ್ಕಕ್ಕೋ ಹೇಳಲಾರೆ. ಅಷ್ಟಕ್ಕೂ ಮಂಗಳ ಮಾಡಿದರೆ ಗ್ರಂಥ ಮುಗಿಯುತ್ತದೆ ಎಂಬ ಖಾತ್ರಿಯೇನಿಲ್ಲ. ನೈಯಾಯಿಕರು ಇದಕ್ಕೆಂದೇ ಮಂಗಳವಾದ ಎಂಬ ಪ್ರಕರಣ ಬೆಳೆಸಿದ್ದಾರೆ. ಬಾಣ ಮಂಗಳ ಹಾಡಿಯೇ ಕಾದಂಬರಿ ಶುರುಮಾಡಿದ. ಮುಗಿಸಿದವನು ಅವನ ಮಗ. ನಾಸ್ತಿಕರು ಮಂಗಳವಿಲ್ಲದೆ ಬರೆದದ್ದು ಸುಸೂತ್ರವಾಗಿ ಮುಗಿದಿದೆ. ಇದಕ್ಕೆ ಸಮಾಧಾನ ಏನೆಂದರೆ, ಬಾಣನ ವಿಘ್ನಗಳು ಹೆಚ್ಚಿದ್ದವು, ಮಂಗಳ ಸಾಲಲಿಲ್ಲ. ನಾಸ್ತಿಕ ಹಿಂದಿನ ಜನ್ಮದಲ್ಲಿ ಮಂಗಳ ಮಾಡಿಟ್ಟಿದ್ದ. ಇಂಥ ತರ್ಕ ಮನೆಯಲ್ಲೇ ಇರುವಾಗ ನಾವು ಪಾರಾಯಣದ ವಿಷಯದಲ್ಲಿ ಧೈರ್ಯಗೆಡಬೇಕಾಗಿಲ್ಲ.

ಶಾಸ್ತ್ರವೆಂದ ಮೇಲೆ ಅನುಬಂಧ ಚತುಷ್ಟಯ ಹೇಳಲೇಬೇಕು. ವಿಷಯ: ಸ್ತೋತ್ರ ನಡೆಯುತ್ತಿರುವಾಗ ಮನಸ್ಸು ಎಲ್ಲಿಗೆ ಹೋಗುತ್ತದೆ, ಯಾವ ಕಿಟಕಿಯಿಂದ ಹಾರುತ್ತದೆ, ಬರುವಾಗ ಏನು ಹೊತ್ತು ತರುತ್ತದೆ ಎಂಬುದು. ಅಧಿಕಾರಿ: ಬೆಳಗ್ಗೆ ಸ್ನಾನವಾಗಿ, ಮಣೆ ಹಾಕಿಕೊಂಡು, ಆಚಮನ ಮಾಡಿ, ಸಂಕಲ್ಪದಲ್ಲಿ ತಿಥಿ ಮರೆತು, ಗೋಡೆಯ ಪಂಚಾಂಗದ ಕಡೆ ಓರೆಗಣ್ಣು ಹಾಯಿಸಿದವನು. ಸಂಬಂಧ: ಓದುಗನಿಗೂ ಲೇಖಕನಿಗೂ ಇರುವ ಸಮದುಃಖ. ಪ್ರಯೋಜನ: ಇಲ್ಲ.

ಯೋಗಸೂತ್ರಕ್ಕೆ ಭಾಷ್ಯ ಬರೆದ ವ್ಯಾಸರು ಚಿತ್ತಕ್ಕೆ ಐದು ಭೂಮಿ ಹೇಳಿದ್ದಾರೆ. ಕ್ಷಿಪ್ತ, ಮೂಢ, ವಿಕ್ಷಿಪ್ತ, ಏಕಾಗ್ರ, ನಿರುದ್ಧ. ಪ್ರೆಷರ್ ಕುಕ್ಕರ್ ಹುಟ್ಟುವ ಮೊದಲು ಬರೆದದ್ದಾದ್ದರಿಂದ ಆರನೆಯದು ಬಿಟ್ಟುಹೋಗಿದೆ. ಅದರ ಹೆಸರು ಸೀಟಿಭೂಮಿ. ಮೇಲಿನ ಮನೆಯವರ ಕುಕ್ಕರ್ ಎರಡು ಸಲ ಕೂಗಿದೆ. ಮೂರನೆಯದಕ್ಕೆ ಚಿತ್ತ ಉಸಿರು ಬಿಗಿಹಿಡಿದು ಕಾಯುತ್ತಿದೆ. ಆಗ ಅದು ಏಕಾಗ್ರವಲ್ಲ ಎನ್ನಲು ಯಾರಿಗೆ ಬಾಯಿದೆ? ಏಕ ಯಾವುದು ಎಂಬಲ್ಲಿ ಮಾತ್ರ ಭಿನ್ನಾಭಿಪ್ರಾಯ. ಪತಂಜಲಿ ವ್ಯಾಧಿಯಿಂದ ಹಿಡಿದು ಅನವಸ್ಥಿತತ್ವದವರೆಗೆ ಒಂಬತ್ತು ಅಂತರಾಯ ಎಣಿಸಿದ್ದಾರಷ್ಟೆ. ಎಡಗಾಲಿಗೆ ಜೋಮು ಹಿಡಿಯುವುದು ಆ ಪಟ್ಟಿಯಲ್ಲಿಲ್ಲ. ಯೋಗಿಗಳ ಕಾಲು ಬೇರೆ ಜಾತಿಯದಿರಬೇಕು.

ಪಾಠಕರಲ್ಲಿ ಅಧಮರು ಯಾರು ಎಂಬುದಕ್ಕೆ ಪಾಣಿನೀಯ ಶಿಕ್ಷೆಯಲ್ಲಿ ಆರು ಹೆಸರಿನ ಪಟ್ಟಿಯಿದೆ: ರಾಗ ಎಳೆಯುವವನು, ಓಡಿಸುವವನು, ತಲೆ ಅಲ್ಲಾಡಿಸುವವನು, ಬರೆದದ್ದನ್ನು ನೋಡಿ ಓದುವವನು, ಅರ್ಥ ತಿಳಿಯದವನು, ಗಂಟಲಿಲ್ಲದವನು. ಈ ಪಟ್ಟಿ ಮೊದಲ ಸಲ ಕಣ್ಣಿಗೆ ಬಿದ್ದಾಗ ಯಾರೋ ನಮ್ಮ ಬಡಾವಣೆಯ ಶನಿವಾರದ ಸಾಮೂಹಿಕ ಪಾರಾಯಣಕ್ಕೆ ಬಂದು ಹಿಂದಿನ ಸಾಲಿನಲ್ಲಿ ಕೂತು ಟಿಪ್ಪಣಿ ಮಾಡಿಕೊಂಡು ಹೋದಂತೆ ಕಂಡಿತು. ಬರೆದದ್ದನ್ನು ಓದುವವನಿಗೆ ಲಿಖಿತಪಾಠಕ ಎಂದು ಹೆಸರು. ತಾಳೆಗರಿಯ ಕಾಲದ ಬೈಗುಳ ಅದು. ಮೊಬೈಲ್ ನೋಡಿ ಓದುವ ನಾನು ಅವನಿಗಿಂತಲೂ ಒಂದು ಮೆಟ್ಟಿಲು ಕೆಳಗೆ. ತಾಳೆಗರಿಯ ಮೇಲ್ತುದಿಯಲ್ಲಿ 'ನಿಮ್ಮ ಪಾರ್ಸೆಲ್ ಇಂದು ತಲುಪಲಿದೆ' ಎಂಬ ಪಟ್ಟಿ ಇಳಿದು ಬರುತ್ತಿರಲಿಲ್ಲವಲ್ಲ. ಸಾಮೂಹಿಕದಲ್ಲಿ ಇನ್ನೊಂದು ಪಂಗಡವಿದೆ, ಶಿಕ್ಷೆಯವರು ಗಮನಿಸಲಿಲ್ಲ: ಅಂತ್ಯಾಕ್ಷರಿಗಳು. ಇವರು ಸಾಲಿನ ಮೊದಲ ಮೂರು ಪಾಲು ತುಟಿ ಆಡಿಸಿ, ಕೊನೆಯ ವಿಸರ್ಗದಲ್ಲಿ ಮಾತ್ರ 'ಹ' ಎಂದು ಗುಡುಗುತ್ತಾರೆ. ಗುಂಪಿನಲ್ಲಿ ಅವರದೇ ದನಿ ಜೋರು.

ವೇದಪಾಠಶಾಲೆಯಲ್ಲಿ ಗುರು ಹೇಳಿದ್ದನ್ನು ಶಿಷ್ಯ ತಿರುತಿರುಗಿ ಹೇಳುವುದಕ್ಕೆ ಸಂತೆ ಎಂದೇ ಹೆಸರು. ಶಬ್ದ ಯಾವ ಮೂಲದಿಂದ ಬಂದಿರಲಿ, ಕನ್ನಡದ ಕಿವಿ ಅದನ್ನು ಸೋಮವಾರದ ಸಂತೆಯಿಂದ ಬೇರ್ಪಡಿಸಲಾರದು. ಆದರೆ ಅಲ್ಲಿಯ ಹಳಬರು ನಮಗಿಂತ ಜಾಣರು. ಅವರು ಮನಸ್ಸನ್ನು ನಂಬಲೇ ಇಲ್ಲ. ಪದಗಳನ್ನು ಬಿಡಿಸಿ ಪದಪಾಠ, ಎರಡೆರಡು ಹೆಣೆದು ಕ್ರಮ, ಮುಂದೆ ಹಿಂದೆ ಮುಂದೆ ಹೊಸೆದು ಜಟೆ, ಆಮೇಲೆ ಘನ. ಘನದಲ್ಲಿ ಪದಗಳ ನಡಿಗೆ 1-2, 2-1, 1-2-3, 3-2-1, 1-2-3 ಎಂದು. ಈ ನಡಿಗೆಯ ನಡುವೆ ತರಕಾರಿ ಗಾಡಿಯವನ ಕಡೆ ತಿರುಗಿದವನು ಮತ್ತೆ ಯಾವ ಸಂಖ್ಯೆಗೆ ಬಂದು ಕಾಲಿಡಬೇಕು? ಓಡಿಹೋಗುವ ಕರುವಿಗೆ ಉಪದೇಶ ಮಾಡುವ ಬದಲು ಹಗ್ಗ ಕಟ್ಟಿದರು. ನಮಗೆ ಸ್ತೋತ್ರಗಳನ್ನು ಬಿಟ್ಟುಹೋದವರು ಹಗ್ಗ ಬಿಟ್ಟುಹೋಗಲಿಲ್ಲ.

ಇನ್ನು ಹೂಂಕಾರ ಪ್ರಕರಣ. ಪಾರಾಯಣದ ನಡುವೆ ಲೌಕಿಕ ಮಾತಾಡಕೂಡದು, ಲೋಕವೋ ಸುಮ್ಮನಿರದು. ಈ ಎರಡರ ತಿಕ್ಕಾಟದಲ್ಲಿ ಹುಟ್ಟಿದ ಭಾಷೆಯೇ ಹೂಂಕಾರ. ಪಾಣಿನಿ ಹ್ರಸ್ವ, ದೀರ್ಘ, ಪ್ಲುತಗಳ ಅಳತೆಗೆ ಎತ್ತಿಕೊಂಡದ್ದು ಉಕಾರವನ್ನೇ. ಕೋಳಿಯ ಕೂಗಿನಲ್ಲಿ ಮೂರು ಅಳತೆಯೂ ಸಿಗುತ್ತದೆ ಎಂದು ಪಂಡಿತರು ವಿವರಿಸುತ್ತಾರೆ. ಕೋಳಿಗೂಡಿನ ತನಕ ಹೋಗಬೇಕಿರಲಿಲ್ಲ, ನಮ್ಮ ಅಪ್ಪ ಇದ್ದರು. ಅವರ ಒಂದು ಮಾತ್ರೆಯ 'ಹುಂ' ಎಂದರೆ ಆಗಲಿ. ಎರಡು ಮಾತ್ರೆಯ 'ಹೂಂ' ಎಂದರೆ ಬಾಗಿಲಲ್ಲಿ ಯಾರು ನೋಡಿ. ಮೂರು ಮಾತ್ರೆಯ 'ಹೂಊಊಂ' ಎಂದರೆ ಹಾಲು ಉಕ್ಕುತ್ತಿದೆ, ಈ ಮನೆಯಲ್ಲಿ ಯಾರಿಗೂ ಮೂಗಿಲ್ಲವೇ. ವಿಭಕ್ತಿ ಪ್ರತ್ಯಯಗಳು ಹುಬ್ಬಿನಲ್ಲಿದ್ದವು. ಎಡಹುಬ್ಬು ಏರಿದರೆ ದ್ವಿತೀಯೆ: ಅದನ್ನು ತಾ. ಎರಡೂ ಏರಿದರೆ ಪಂಚಮಿ: ಅಲ್ಲಿಂದ ಏಳು. ಗದ್ದ ಮುಂದೆ ಬಂದರೆ ಸಂಬೋಧನೆ, ಅದು ಸಾಮಾನ್ಯವಾಗಿ ನನಗೆ.

ಒಮ್ಮೆ ರಿಜಿಸ್ಟರ್ ಟಪಾಲು ಬಂತು. ಸಹಿಗೆ ಪೆನ್ನಿಲ್ಲ. ಪೆನ್ನು ಪಡಸಾಲೆಯ ಗೂಡಿನಲ್ಲಿ ಕನ್ನಡಕದ ಪೆಟ್ಟಿಗೆಯ ಹಿಂದೆ ಇದೆ, ನೀಲಿಯದಲ್ಲ ಕಪ್ಪು ತಗೋ, ನೀಲಿಯದು ಸೋರುತ್ತದೆ ಎಂಬ ಇಡೀ ಸಂಯುಕ್ತ ವಾಕ್ಯವನ್ನು ಅವರು ಒಂದೇ ಹೂಂಕಾರದಲ್ಲಿ, ಸ್ತೋತ್ರದ ಒಂದು ಅಕ್ಷರವನ್ನೂ ಬಿಡದೆ ಮುಗಿಸಿದರು. ನನಗೆ ಕೇಳಿಸಿದ್ದು ಬರೀ 'ಹೂಂ'. ಅಡುಗೆಮನೆಯಿಂದ ಅಮ್ಮ ಬಂದು ಕಪ್ಪು ಪೆನ್ನು ಕೊಟ್ಟು ಹೋದಳು. ಈ ವಿದ್ಯಮಾನಕ್ಕೆ ಅಂದು ನಾನು ಯಾವ ಮಹತ್ವವನ್ನೂ ಕೊಡಲಿಲ್ಲ. ಸಂಶೋಧಕರು ಮುಖ್ಯ ಸಾಕ್ಷ್ಯವನ್ನು ಹೀಗೆಯೇ ಕಳೆದುಕೊಳ್ಳುವುದು.

ಈಗ ಪೂರ್ವಪಕ್ಷ. ಮಂತ್ರಗಳಿಗೆ ಅರ್ಥವೇ ಇಲ್ಲ ಎಂದು ಕೌತ್ಸ ಎಂಬ ಆಚಾರ್ಯ ವಾದಿಸಿದ್ದ. ಯಾಸ್ಕರು ನಿರುಕ್ತದಲ್ಲಿ ಅವನನ್ನು ಕೂರಿಸಿಕೊಂಡು ಖಂಡಿಸುತ್ತಾರೆ. ಅರ್ಥವರಿಯದೆ ವೇದ ಕಲಿತವನು ಹೊರೆ ಹೊತ್ತ ಕಂಬ ಎಂಬ ಅರ್ಥದ ಮಾತನ್ನೂ ಅಲ್ಲೇ ಉದಾಹರಿಸುತ್ತಾರೆ. 1975ರಲ್ಲಿ ಕೇರಳದ ಪಾಂಜಾಳ್‌ನಲ್ಲಿ 12 ದಿನದ ಅಗ್ನಿಚಯನ ನಡೆದಾಗ ಅದನ್ನು ಚಿತ್ರೀಕರಿಸಿದ ಡಚ್ ವಿದ್ವಾಂಸ ಫ್ರಿಟ್ಸ್ ಸ್ಟಾಲ್, ಕರ್ಮವೆಂದರೆ ಅರ್ಥವಿಲ್ಲದ ನಿಯಮಗಳ ವ್ಯವಸ್ಥೆ ಎಂದು ಆಮೇಲೆ ದೊಡ್ಡ ಪುಸ್ತಕವನ್ನೇ ಬರೆದರು. ಕೌತ್ಸನಿಗೆ ಇಷ್ಟು ತಡವಾಗಿಯಾದರೂ ಒಬ್ಬ ಶಿಷ್ಯ ಸಿಕ್ಕಿದ. ಇವರಿಬ್ಬರ ಮತವನ್ನು ಒಪ್ಪಿದರೆ ನನಗೆ ಬಹಳ ಅನುಕೂಲ. ಅರ್ಥವೇ ಇಲ್ಲದ ಮೇಲೆ ಗಮನ ಇಡಬೇಕಾದ್ದು ಯಾವುದರ ಮೇಲೆ? ನಾಲಿಗೆ ತನ್ನ ಕೆಲಸ ಮಾಡಿಕೊಳ್ಳಲಿ, ಮನಸ್ಸು ಪೇಟೆ ಸುತ್ತಿ ಬರಲಿ.

ಆದರೂ ಸ್ವಲ್ಪ ಮಾನ ಉಳಿಸಿಕೊಳ್ಳೋಣವೆಂದು ಒಂದು ಸೋಮವಾರ ಯಾಸ್ಕರ ಪಕ್ಷ ಹಿಡಿದು ಅರ್ಥದ ಮೇಲೇ ಮನಸ್ಸಿಡಲು ಹೊರಟೆ. ಆರಿಸಿಕೊಂಡದ್ದು ಚಮಕ, ರುದ್ರಾಧ್ಯಾಯದ ಎರಡನೆಯ ಭಾಗ, 11 ಅನುವಾಕ, ಹೆಜ್ಜೆಹೆಜ್ಜೆಗೆ ಅದು ನನಗೆ ಇರಲಿ, ಇದು ನನಗೆ ಇರಲಿ ಎಂಬ ಬೇಡಿಕೆ. ನಾಲ್ಕನೆಯ ಅನುವಾಕದಲ್ಲಿ ಹಾಲು, ತುಪ್ಪ, ಜೇನು ಬಂದವು. ಹಿಂದೆಯೇ ಭತ್ತ, ಉದ್ದು, ಎಳ್ಳು, ಹೆಸರು, ಗೋಧಿ, ಮಸೂರ, ಕೊನೆಗೆ ನಾವೀಗ ಸಿರಿಧಾನ್ಯವೆಂದು ದುಬಾರಿ ಬೆಲೆ ಕೊಡುವ ಸಣ್ಣ ಕಾಳುಗಳು. ಉದ್ದು ಎಂದ ಕೂಡಲೇ ಡಬ್ಬಿಯಲ್ಲಿ ಉದ್ದಿನಬೇಳೆ ಮುಗಿದಿರುವುದು ನೆನಪಾಯಿತು. ಎಳ್ಳೂ ಇಲ್ಲ. ಮನಸ್ಸು ದಿನಸಿ ಅಂಗಡಿಯ ಮೆಟ್ಟಿಲು ಹತ್ತಿತು.

ಇಲ್ಲಿ ಶಾಸ್ತ್ರಕ್ಕೆ ದೊಡ್ಡ ಗಂಟು ಬಿತ್ತು. ಈ ಮನಸ್ಸು ಚಂಚಲವಾಯಿತೇ ಅಥವಾ ಅರ್ಥಾನುಸಂಧಾನದ ತುತ್ತತುದಿ ಮುಟ್ಟಿತೇ? ಮಂತ್ರ ಕೇಳುತ್ತಿರುವುದು ಉದ್ದನ್ನು. ನಾನು ನೆನೆದದ್ದೂ ಉದ್ದನ್ನು. ಐದನೆಯ ಅನುವಾಕದಲ್ಲಿ ಕಲ್ಲು, ಮಣ್ಣು, ಮರಳು, ಕಬ್ಬಿಣ, ಸೀಸ ಬಂದಾಗ ಅರ್ಧಕ್ಕೆ ನಿಂತ ಮಹಡಿ ಮನೆಯೇ ಎದುರು ಬಂತು. ಮರಳು ಇರಲಿ ಎಂದು ಅಷ್ಟು ಭಕ್ತಿಯಿಂದ ನಾನೆಂದೂ ಕೇಳಿದ್ದಿಲ್ಲ. ಮರಳಿನ ಲೋಡಿಗೆ ಈಗೇನು ರೇಟು ನಡೆಯುತ್ತಿದೆ ಎಂದು ಬಲ್ಲವರು ಇದನ್ನು ಒಪ್ಪುತ್ತಾರೆ. ಹನ್ನೊಂದನೆಯ ಅನುವಾಕದ ಮೊದಲಿಗೆ ಬರೀ ಸಂಖ್ಯೆ. ಒಂದರಿಂದ 33ರವರೆಗೆ ಬೆಸ, ಆಮೇಲೆ ನಾಲ್ಕರಿಂದ 48ರವರೆಗೆ ನಾಲ್ಕರ ಮಗ್ಗಿ. ಆ ಹೊತ್ತಿಗೆ ಮನಸ್ಸು ಅಂಗಡಿಯ ಬಿಲ್ಲು ಕೂಡುವ ಲಹರಿಯಲ್ಲಿತ್ತು. ಬೆಸಗಳ ಮೊತ್ತ 289, ಅಂದರೆ 17ರ ವರ್ಗ. ಮಗ್ಗಿಯದು 312. ಒಟ್ಟು 601. ರುದ್ರದೇವರ ಮುಂದೆ ಕೂತು ನಾನು ಸಾಧಿಸಿದ್ದು ಇದು. ಲಘುರುದ್ರಕ್ಕೆ 121 ಆವೃತ್ತಿ, ಮಹಾರುದ್ರಕ್ಕೆ 1,331, ಅತಿರುದ್ರಕ್ಕೆ 14,641. ಅಷ್ಟನ್ನು 601ರಿಂದ ಗುಣಿಸುವ ಆಸೆಯನ್ನು ಹೇಗೋ ಅದುಮಿಕೊಂಡು ಎದ್ದೆ.

ಅಂತೂ ವಿಷ್ಣುಸಹಸ್ರನಾಮವೇ ನಿತ್ಯಕ್ಕೆ ಸರಿ ಎಂದಾಯಿತು. ಅನುಶಾಸನ ಪರ್ವದಲ್ಲಿ ಭೀಷ್ಮರು ಬಾಣಗಳ ಮೇಲೆ ಮಲಗಿ ಧರ್ಮರಾಯನಿಗೆ ಹೇಳಿದ್ದು. ಒಂದು ಹೆಸರೂ ತಪ್ಪಲಿಲ್ಲ. ಬಾಣಗಳ ಮೇಲೆ ತೂಕಡಿಕೆ ಬರುವುದಿಲ್ಲ ಎಂಬುದನ್ನು ಮಣೆ ಮಾಡುವ ಬಡಗಿಗಳು ಗಮನಿಸಬೇಕು. ಈ ಸ್ತೋತ್ರದ ಕೊನೆಗೆ ಪಾರ್ವತಿ ಇದಕ್ಕೆ ಸುಲಭ ಉಪಾಯವಿಲ್ಲವೇ ಎಂದು ಕೇಳುತ್ತಾಳೆ. ರಾಮನಾಮ ಒಂದೇ ಸಾವಿರಕ್ಕೆ ಸಮ ಎಂದು ಶಿವ ಹೇಳುತ್ತಾನೆ. ಸಾವಿರ ಹೆಸರೂ ಮುಗಿದ ಮೇಲೆ ಬರುವ ಈ ಮಾಹಿತಿಯನ್ನು ಮೊದಲೇ ಹೇಳಬಹುದಿತ್ತಲ್ಲ ಎಂದು ದಿನವೂ ಅದೇ ಜಾಗದಲ್ಲಿ ಅನ್ನಿಸುತ್ತದೆ. ದಿನವೂ ಅಲ್ಲೇ ಅನ್ನಿಸುತ್ತದೆ ಎಂದರೆ ಅಲ್ಲಿಗೆ ಬಂದಾಗ ನಾನು ಎಚ್ಚರವಾಗಿರುತ್ತೇನೆ ಎಂದಾಯಿತು. ಒಂದು ಸಮಾಧಾನ.

ಲಲಿತಾಸಹಸ್ರನಾಮದಲ್ಲಿ ಹೆಸರು ಮರುಕಳಿಸುವುದಿಲ್ಲ ಎಂದು ಅದರ ಉಪಾಸಕರಿಗೆ ಹೆಮ್ಮೆ. ವಿಷ್ಣುವಿನದರಲ್ಲಿ ಮರುಕಳಿಸುತ್ತವೆ, ಅಪಾಯವಿರುವುದು ಅಲ್ಲೇ. ಮಾಧವ ಎಂಬ ಹೆಸರನ್ನು ನೋಡಿ. 72ನೆಯದು ಮಾಧವ, ಅದರ ಬೆನ್ನಿಗೆ ಮಧುಸೂದನ. 167 ಮತ್ತೆ ಮಾಧವ, ಬೆನ್ನಿಗೆ ಮಧು. 735 ಮತ್ತೊಮ್ಮೆ ಮಾಧವ, ಬೆನ್ನಿಗೆ ಭಕ್ತವತ್ಸಲ. ಮೊದಲನೆಯದೂ ಮೂರನೆಯದೂ ಶ್ಲೋಕದಲ್ಲಿ ಒಂದೇ ಜಾಗದಲ್ಲಿ, ಒಂದೇ ತೂಕದಲ್ಲಿ ಕೂತಿವೆ. ನಾಲಿಗೆ 72ರಲ್ಲಿ ಮಾಧವ ಎಂದು ಮನಸ್ಸು ಬ್ಯಾಂಕಿನ ಸಾಲಿನಲ್ಲಿದ್ದರೆ, ಮುಂದೆ ಬರುವುದು ಮಧುಸೂದನನೋ ಭಕ್ತವತ್ಸಲನೋ ನೋಡುವವರಿಲ್ಲ. ಭಕ್ತವತ್ಸಲ ಎಂದರೆ ತೀರಿತು, ಒಂದೇ ನೆಗೆತಕ್ಕೆ 663 ಹೆಸರು ಹಿಂದೆ ಬಿದ್ದವು. ಇದು ಏಣಿ. 167ರಲ್ಲಿ ಮಾಧವನ ಮುಂದೆ 'ಮಧು' ಎಂದು ನಿಲ್ಲಿಸದೆ 'ಸೂದನ' ಸೇರಿತೋ, ಜಾರಿ 73ಕ್ಕೆ ಬಿದ್ದೆ. ಇದು ಹಾವು. ಏರಿದರೆ ಎಂಟು ಹತ್ತು ನಿಮಿಷದಲ್ಲಿ ಪಾರಾಯಣ ಮುಗಿದು, ಆಫೀಸಿಗೆ ಎಂದೂ ಇಲ್ಲದಷ್ಟು ಬೇಗ ತಲುಪುತ್ತೀರಿ. ಜಾರಿದರೆ 95 ಹೆಸರು ಸುತ್ತಿ ಮತ್ತೆ ಅದೇ 167. ಅಲ್ಲಿ ಮತ್ತೆ ಜಾರಿದರೆ ಮತ್ತೆ ಸುತ್ತು. ಹಾವು-ಏಣಿಯ ಆಟಕ್ಕೆ ನಮ್ಮ ಹಿರಿಯರು ಪರಮಪದ ಎಂದು ಹೆಸರಿಟ್ಟು ವೈಕುಂಠ ಏಕಾದಶಿಯ ರಾತ್ರಿ ಜಾಗರಣೆಗೆ ಆಡಿಸುತ್ತಿದ್ದದ್ದು ಸುಮ್ಮನೆ ಅಲ್ಲ.

ಇದಕ್ಕೆ ಮದ್ದು ಶಂಕರರ ಭಾಷ್ಯದಲ್ಲಿದೆ. ಮೂರು ಕಡೆ ಬರುವ ಮಾಧವನಿಗೆ ಅವರು ಮೂರು ಬೇರೆ ಅರ್ಥ ಹೇಳುತ್ತಾರೆ: ಮೊದಲನೆಯವನು ಲಕ್ಷ್ಮಿಯ ಪತಿ, ಎರಡನೆಯವನು ವಿದ್ಯೆಗೆ ಒಡೆಯ, ಮೂರನೆಯವನು ಮಧುವಂಶದಲ್ಲಿ ಹುಟ್ಟಿದವನು. ಪುನರುಕ್ತಿ ದೋಷ ಬರದಿರಲೆಂದು ಹೀಗೆ ಹೇಳಿದರು ಎಂದು ಪಂಡಿತರ ಅಂಬೋಣ. ನನಗೆ ಅದರಲ್ಲಿ ರೈಲ್ವೆ ಕೆಲಸ ಕಾಣುತ್ತದೆ. ಒಂದೇ ಹೆಸರಿನ ಮೂರು ನಿಲ್ದಾಣ ಒಂದೇ ಮಾರ್ಗದಲ್ಲಿದ್ದರೆ ಗಾಡಿ ದಾರಿ ತಪ್ಪದಂತೆ ಪ್ರತಿಯೊಂದರಲ್ಲೂ ಒಬ್ಬ ಪಾಯಿಂಟ್ಸ್‌ಮನ್ ಬೇಕು. ಅರ್ಥ ಬಲ್ಲವನಿಗೆ ಲಕ್ಷ್ಮೀಪತಿಯಿಂದ ಮಧುವಂಶಕ್ಕೆ ಹಾರಲು ಹಳಿಯೇ ಇಲ್ಲ. ಆದ್ದರಿಂದ ಎರಡನೆಯ ಸೂತ್ರ: ಅರ್ಥೋ ರಕ್ಷತಿ ಜಿಹ್ವಾಮ್, ನಾಲಿಗೆಯನ್ನು ಕಾಯುವುದು ಅರ್ಥ. ಇದನ್ನು ಬರೆದು ಮುಗಿಸಿ ಎರಡು ದಿನ ಬಹಳ ಗೆಲುವಾಗಿದ್ದೆ.

ತಪ್ಪಿದರೆ ಗತಿಯೇನು ಎಂಬ ಪ್ರಶ್ನೆಗೆ ಸಂಪ್ರದಾಯ ಉದಾರವಾಗಿದೆ. ಅಜಾಮಿಳನ ನಿದರ್ಶನವಿದೆ; ಭಾಗವತದ ಆರನೆಯ ಸ್ಕಂಧ. ಸಾಯುವಾಗ ಕರೆದದ್ದು ಮಗ ನಾರಾಯಣನನ್ನು, ಬಂದದ್ದು ವಿಷ್ಣುದೂತರು. ಮನಸ್ಸು ಸಂಪೂರ್ಣ ಬೇರೆ ಕಡೆ ಇದ್ದೂ ಫಲ ಪೂರ್ತಿ ಸಿಕ್ಕ ಮೊಕದ್ದಮೆ ಇದು. ಎದುರು ಪಕ್ಷದವರು ತ್ವಷ್ಟೃವಿನ ಕಥೆ ತರುತ್ತಾರೆ: ಇಂದ್ರನನ್ನು ಕೊಲ್ಲುವ ಮಗ ಬೇಕೆಂದು ಹೋಮ ಮಾಡಿ, ಒಂದು ಸ್ವರ ಏರುಪೇರಾಗಿ, ಇಂದ್ರನೇ ಕೊಲ್ಲುವ ಮಗನನ್ನು ಪಡೆದ. ಎರಡನ್ನೂ ಎದುರಿಟ್ಟು ನೋಡಿದರೆ, ದೇವರ ಹತ್ತಿರ ಮಗನನ್ನು ಕೇಳುವುದಕ್ಕಿಂತ ಮಗನ ಹತ್ತಿರ ದೇವರನ್ನು ಕೇಳುವುದು ಕ್ಷೇಮ.

ಅಲ್ಲದೆ ಪಾರಾಯಣದ ಕೊನೆಗೆ ಕ್ಷಮಾಪಣೆಯ ಶ್ಲೋಕಗಳಿವೆ. ಅಕ್ಷರ ತಪ್ಪಿದ್ದರೆ, ಮಾತ್ರೆ ಬಿಟ್ಟಿದ್ದರೆ, ಭಕ್ತಿ ಸಾಲದಿದ್ದರೆ ಮನ್ನಿಸು ಎಂಬ ಅರ್ಥದವು. ಒಳ್ಳೆಯ ವ್ಯವಸ್ಥೆ. ಆದರೆ ಅವು ಎಲ್ಲಕ್ಕಿಂತ ಚೆನ್ನಾಗಿ ಬಾಯಿಪಾಠವಾಗಿರುವ ಶ್ಲೋಕಗಳು. ಅವನ್ನು ಹೇಳುವ ಹೊತ್ತಿಗೆ ನಾನು ಮನಸ್ಸಿನಲ್ಲಿ ಕಾಫಿ ಕುಡಿದು ಲೋಟ ತೊಳೆದಿಟ್ಟಾಗಿರುತ್ತದೆ. ಹಾಗಾದರೆ ಗಮನವಿಲ್ಲದೆ ಕೇಳಿದ ಕ್ಷಮೆಗೆ ಇನ್ನೊಂದು ಕ್ಷಮೆ ಕೇಳಬೇಕು. ಅದನ್ನೂ ಗಮನವಿಲ್ಲದೆ ಕೇಳಿದರೆ ಮತ್ತೊಂದು. ಇದಕ್ಕೆ ತರ್ಕಶಾಸ್ತ್ರದಲ್ಲಿ ಅನವಸ್ಥಾ ದೋಷವೆಂದು ಹೆಸರು. ಒಂದು ದಿನ ನಾಲ್ಕನೆಯ ಕ್ಷಮೆಯ ತನಕ ಹೋಗಿ ಬಸ್ಸು ತಪ್ಪಿಸಿಕೊಂಡೆ.

ಈ ಪ್ರಬಂಧವನ್ನು ಇಲ್ಲಿಗೆ ಮುಗಿಸುವುದಿತ್ತು. ಎರಡನೆಯ ಸೂತ್ರ ಬರೆದ ಮೂರನೆಯ ಬೆಳಗ್ಗೆ ಮಣೆಯ ಮೇಲೆ ಕೂತಾಗ ಅರ್ಥಸಮೇತ ಹೊರಟಿದ್ದೆ. ಲಕ್ಷ್ಮೀಪತಿ ಸರಿಯಾಗಿ ಬಂದ, 72 ದಾಟಿತು. ಸೂತ್ರ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ಮೆಚ್ಚಿಕೊಳ್ಳುತ್ತಿದ್ದೆ, ಅದೇ ತಪ್ಪಾಯಿತು. 167ರಲ್ಲಿ ಜಾರಿದೆ. ಸುತ್ತಿಬಂದು ಮತ್ತೆ ಜಾರಿದೆ. ಮೂರನೆಯ ಸಲ ಜಾರುವಾಗ ಅಡುಗೆಮನೆಯಿಂದ ದನಿ ಬಂತು.

"ಮಧುಸೂದನ ಅಲ್ಲ ಕಣೋ. ಮಧು."

ಅಮ್ಮ. ಅಮ್ಮನಿಗೆ ಸಂಸ್ಕೃತ ಬಾರದು. ಶಂಕರಭಾಷ್ಯ ಮುಟ್ಟಿದವಳಲ್ಲ. ಒಂದು ದಿನವೂ ಮಣೆಯ ಮೇಲೆ ಕೂತು ಸಹಸ್ರನಾಮ ಹೇಳಿದ್ದು ನಾನು ಕಂಡಿಲ್ಲ. ಅಧಮಪಾಠಕರ ಪಟ್ಟಿಗೂ ಸೇರುವ ಅರ್ಹತೆಯಿಲ್ಲ, ಯಾಕೆಂದರೆ ಪಾಠಕಿಯೇ ಅಲ್ಲ. ಎದ್ದು ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತು, ಪಾರಾಯಣದ ನಡುವೆ ಎದ್ದ ದೋಷವನ್ನೂ ಮರೆತು, ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ.

"ಮಧು ಬಂದ ಮೇಲೆ ನಾನು ಬೇಳೆಗೆ ಉಪ್ಪು ಹಾಕೋದು. ನಿಮ್ಮಪ್ಪ ಇದ್ದಾಗಿನಿಂದಲೂ. ನೀನು ಮೂರು ಸುತ್ತಿನಿಂದ ಮಧೂನೇ ಬಿಡ್ತಿದೀಯ. ಬೇಳೆ ಕರಗಿ ನೀರಾಯ್ತು."

ಅವಳ ಬೇಳೆ ಕುಕ್ಕರಿನಲ್ಲಿ ಬೇಯುವುದಿಲ್ಲ, ತಪ್ಪಲೆಯಲ್ಲಿ. ಗಡಿಯಾರ ಪಡಸಾಲೆಯಲ್ಲಿದೆ, ಅಡುಗೆಮನೆಗೆ ಕಾಣಿಸದು. ನಲವತ್ತು ವರ್ಷ ದೇವರಮನೆಯಿಂದ ತೇಲಿಬಂದ ಹೆಸರುಗಳ ಅಳತೆಯಲ್ಲೇ ಆ ಮನೆಯ ಸಾರು ಬೆಂದಿದೆ. ಹಾಗಾದರೆ ಆ ಟಪಾಲಿನ ದಿನ ಅಪ್ಪನ ಹೂಂಕಾರದಲ್ಲಿ ಪೆನ್ನಿನ ಬಣ್ಣವೂ ಅವಳಿಗೆ ಕೇಳಿಸಿದ್ದರಲ್ಲಿ ಆಶ್ಚರ್ಯವೇನು. ಕರ್ಮದ ಫಲ ಸಲ್ಲುವುದು ಯಜಮಾನನಿಗೆ, ದಕ್ಷಿಣೆಗೆ ಬಂದ ಋತ್ವಿಜನಿಗಲ್ಲ ಎಂದು ಮೀಮಾಂಸಕರ ನಿರ್ಣಯ. ಈ ಪಾರಾಯಣದಲ್ಲಿ ಯಜಮಾನ ಯಾರು, ಊಟಕ್ಕೆ ಬಂದ ಋತ್ವಿಜ ಯಾರು ಎಂದು ವಿಚಾರಿಸಲು ಹೊರಟವನನ್ನು ಅವಳು ಸೌಟಿನಲ್ಲೇ ತಡೆದಳು.

"ಮಧುವಿನಿಂದ ಮುಂದಕ್ಕೆ ಹೇಳು, ಹೋಗು. ಶಂಖಭೃತ್ ಬಂದಾಗ ಒಗ್ಗರಣೆ ಕೊಡಬೇಕು."

ಶಂಖಭೃತ್ 993ನೆಯ ಹೆಸರು. ಮಣೆಗೆ ಮರಳಿ 168ರಿಂದ ಶುರುಮಾಡಿದೆ. ಆ ದಿನ ಒಂದು ಹೆಸರೂ ಬಿಟ್ಟುಹೋಗಲಿಲ್ಲ. ಮೇಲಿನ ಮನೆಯ ಕುಕ್ಕರ್ ಕೂಗಿದ್ದು ಎಷ್ಟು ಸಲವೋ ತಿಳಿಯದು. 735ರಲ್ಲಿ ಮಾಧವ ಬಂದ, ಹಿಂದೆಯೇ ಭಕ್ತವತ್ಸಲ ಬಂದ, ಇಬ್ಬರನ್ನೂ ಗುರುತು ಹಿಡಿದೆ. ಒಳಗೆ ಬಾಣಲೆ ಒಲೆಗೆ ಏರಿದ್ದು, ಎಣ್ಣೆ ಬಿದ್ದದ್ದು ಕೇಳಿಸಿತು. ಅವಳು ಕಾಯುತ್ತಿದ್ದಳು, ನಾನೂ ಕಾಯುತ್ತಿದ್ದೆ.

ಶಂಖಭೃತ್ ಎಂದೆ. ಸಾಸಿವೆ ಸಿಡಿಯಿತು.